ಇಲ್ಲಿ ಎಲ್ಲರೂ ಸೌಖ್ಯ

ಬಿಪಿ ಎಂದರೆ ವಯಸ್ಸಾದವರಿಗೆ ಬರುವುದು ಎಂದು ನಾನೂ ತಿಳಿದುಕೊಂಡಿದ್ದೆ. ಮದುವೆ ಮನೆಯ ಊಟದಲ್ಲಿ ಹಿರಿಯರು ಉಪ್ಪಿನಕಾಯಿ ಬೇಡವೆಂದು ಕೈ ಅಡ್ಡ ಹಿಡಿದು "ನನಗೆ ಬಿಪಿ" ಎನ್ನುವುದನ್ನು ಕೇಳಿದ್ದೇನೆ. ಪೆನ್ಶನ್ ವಿಷಯ ಹೇಳುವಾಗಿನ ಹಾಗೆ ಅವರ ಸ್ವರದಲ್ಲಿ ಸ್ವಲ್ಪ ಹೆಮ್ಮೆಯೂ ಇರುತ್ತದೆ. ನನಗೆ ಅದು ಇಪ್ಪತ್ತಾರಕ್ಕೆ ಬಂತು. ಬಂತು ಎನ್ನುವುದೂ ಸರಿಯಲ್ಲ; ಯಾವಾಗಲೋ ಬಂದು ಕೂತಿತ್ತು, ಇಪ್ಪತ್ತಾರಕ್ಕೆ ಗೊತ್ತಾಯಿತು. ಈಗ ಮೂರನೇ ವರ್ಷ. ಇದನ್ನು ಬರೆಯುತ್ತಿರುವುದು ಯಾರಿಗೂ ಬುದ್ಧಿ ಹೇಳಲಿಕ್ಕಲ್ಲ. ನನ್ನ ಪ್ರಾಯದವರು ಯಾರಾದರೂ ಆಸ್ಪತ್ರೆಯ ಬೆಂಚಿನಲ್ಲಿ ಅಜ್ಜ ಅಜ್ಜಿಯರ ನಡುವೆ ತಲೆ ತಗ್ಗಿಸಿ ಕೂತಿದ್ದರೆ, ಆ ಬೆಂಚಿನಲ್ಲಿ ನಾನೂ ಕೂತಿದ್ದೆ ಎಂದು ಅವರಿಗೆ ತಿಳಿಯಲಿ.

ನಾನು ಮಿಜಾರಿನ ಕಡೆಯ ಒಂದು ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡುವವಳು. ಮನೆ ಬಂಟ್ವಾಳದಲ್ಲಿ. ದಿನಾ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಒಂದು ಬಸ್ಸು, ಅಲ್ಲಿಂದ ಮಿಜಾರಿಗೆ ಇನ್ನೊಂದು. ಕಾಲೇಜಿನಲ್ಲಿ ರಕ್ತದಾನ ಶಿಬಿರ ಇದ್ದ ದಿನ ಕಚೇರಿಯವರೂ ಕೊಡಬೇಕೆಂದು ಹೇಳಿದ್ದರಿಂದ ನಾನೂ ಸಾಲಿನಲ್ಲಿ ನಿಂತೆ. ನರ್ಸ್ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿಸಿದರು, ಬಿಟ್ಟರು, ಮತ್ತೆ ತುಂಬಿಸಿದರು.

"ಮೆಟ್ಟಿಲು ಹತ್ತಿ ಬಂದದ್ದಾ?"

"ಇಲ್ಲ, ಇಲ್ಲೇ ಪಕ್ಕದಲ್ಲಿ ಆಫೀಸು."

"ಸ್ವಲ್ಪ ಕೂತ್ಕೊಳ್ಳಿ. ಮತ್ತೆ ನೋಡುವ."

ಮತ್ತೆ ನೋಡಿದಾಗಲೂ ಅವರ ಮುಖ ಹಾಗೆಯೇ ಇತ್ತು. ಶಿಬಿರದ ಡಾಕ್ಟರನ್ನು ಕರೆದರು. ಅವರು ತಾವೇ ನೋಡಿ, "ನಿಮ್ಮ ರಕ್ತ ಈಗ ಬೇಡ. ಮೊದಲು ಒಳ್ಳೆಯ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ" ಎಂದರು. ಎದ್ದು ಬರುವಾಗ ಒಬ್ಬ ವಿದ್ಯಾರ್ಥಿನಿ ಪಾಪ, ನನಗೂ ಹಣ್ಣಿನ ರಸದ ಪ್ಯಾಕೆಟ್ಟು ಕೊಟ್ಟಳು. ರಕ್ತ ಕೊಡದೆ ರಸ ಕುಡಿದವಳು ಆ ದಿನ ನಾನೊಬ್ಬಳೇ.

ಮನೆಯಲ್ಲಿ ಹೇಳಲಿಲ್ಲ. ಹಿಂದಲೆಯ ನೋವಿಗೆ ಬಾಮ್ ಹಚ್ಚಿಕೊಂಡು ಮಲಗುವುದು ನನಗೆ ಮೊದಲಿನಿಂದಲೂ ಅಭ್ಯಾಸ. ಅದನ್ನೇ ಮುಂದುವರಿಸಿದೆ. ನನ್ನನ್ನು ಬಿಡದೆ ಹಿಡಿದದ್ದು ಹರಿಣಾಕ್ಷಿ. ಅವಳು ಕಕ್ಕಿಂಜೆಯವಳು, ವಾರವಿಡೀ ಮೂಡುಬಿದಿರೆಯಲ್ಲಿ ಕೋಣೆ ಮಾಡಿಕೊಂಡಿರುತ್ತಾಳೆ, ಕಚೇರಿಯಲ್ಲಿ ನನ್ನ ಪಕ್ಕದ ಮೇಜು. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಉಪ್ಪಿನಕಾಯಿಯ ಡಬ್ಬಿ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು.

"ಡಾಕ್ಟ್ರ ಹತ್ರ ಹೋಗುವವರೆಗೆ ಇದು ನನ್ನದು ಮಾರಾಯ್ತಿ. ನಮ್ಮಲ್ಲಿ ಆದ್ರೆ ಯಾರಿಗೆ ಏನು ಸೀಕು ಅಂತ ಚಾರ್ಮಾಡಿ ಬಸ್ಸಿನ ಕಂಡಕ್ಟರಿಗೂ ಗೊತ್ತಿರ್ತದೆ. ನೀನು ಮನೆಯವರಿಗೂ ಹೇಳುವುದಿಲ್ಲ."

"ಉಮ್ಮ ಹೆದರ್ತಾಳೆ."

"ಹೆದರ್ಲಿ. ಹೆದರಿದ ಮೇಲೆ ಬಸ್ಸು ಹತ್ತಿಸಿ ಕರ್ಕೊಂಡು ಬಾ."

ಹಾಗೆ ಉಮ್ಮನನ್ನು ಕರೆದುಕೊಂಡು ಮೂಡುಬಿದಿರೆಯ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆ. ಬೆಂಚಿನ ತುಂಬ ಹಿರಿಯರು. ನನ್ನ ಪಕ್ಕದಲ್ಲಿದ್ದ ಬೆಳುವಾಯಿಯ ಅಜ್ಜರೊಬ್ಬರು "ತಾಯಿಗೆ ತೋರಿಸ್ಲಿಕ್ಕೆ ಬಂದದ್ದಾ ಮಗಾ? ಒಳ್ಳೆದು, ಈಗಿನ ಮಕ್ಕಳಿಗೆ ಎಲ್ಲಿ ಪುರುಸೊತ್ತು" ಎಂದು ನನ್ನನ್ನು ಹೊಗಳಿದರು. ನಾನು ಹೂಂ ಎಂದೆ. ನಮ್ಮ ಸರದಿ ಬಂದು ಒಳಗೆ ಹೋದಾಗ ನರ್ಸಿಗೂ ಅದೇ ತಪ್ಪಾಯಿತು. ಅವರು ನೇರವಾಗಿ ಉಮ್ಮನ ಬುರ್ಖಾದ ತೋಳು ಮೇಲೆ ಸರಿಸಿ ಪಟ್ಟಿ ಸುತ್ತಲು ಹೊರಟರು. ಉಮ್ಮ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡು, "ನನಗಲ್ಲ, ನನಗಲ್ಲ. ಇವಳಿಗೆ" ಎಂದಳು.

ಡಾಕ್ಟರಮ್ಮನಿಗೆ ಅರವತ್ತು ದಾಟಿರಬಹುದು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಎರಡೂ ತೋಳುಗಳಲ್ಲಿ ನೋಡಿದರು, ಮಲಗಿಸಿ ನೋಡಿದರು. ಆಮೇಲೆ ಕೇಳಿದರು.

"ತಂದೆಗೆ ಬಿಪಿ ಉಂಟಾ?"

ನಾನು ಬಾಯಿ ತೆರೆಯುವ ಮೊದಲೇ ಉಮ್ಮ ಉತ್ತರ ಕೊಟ್ಟಳು. "ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಯಾರಿಗೂ ಇಲ್ಲ."

"ತಂದೆ ಎಲ್ಲಿದ್ದಾರೆ?"

"ಸೌದಿಯಲ್ಲಿ."

ಅವರು ನನ್ನ ಕಡೆ ತಿರುಗಿದರು. "ನಿನಗೆ ತಲೆಬಿಸಿ ಏನಾದ್ರೂ ಉಂಟಾ?"

"ಇಲ್ಲ" ಎಂದೆ.

ಅದು ಸುಳ್ಳು ಎಂದು ಆಗ ನನಗೆ ಅನ್ನಿಸಲಿಲ್ಲ. ಅಕ್ಕಿ ಮಿಲ್ಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೆ ಮಿಲ್ಲಿನ ಶಬ್ದ ಕೇಳಿಸುವುದಿಲ್ಲ. ಕೆಲಸ ಉಂಟು, ಸಂಬಳ ಬರುತ್ತದೆ, ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಮತ್ತೆಂಥ ತಲೆಬಿಸಿ?

ಉಪ್ಪ ಸೌದಿಗೆ ಹೋದದ್ದು ನಾನು ಅಂಗನವಾಡಿಯಲ್ಲಿದ್ದಾಗ. ಅಲ್ಲಿ ಒಂದು ಜಿನಸಿ ಅಂಗಡಿಯಲ್ಲಿ ಕೆಲಸ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ, ಉಳಿದ ಕಾಲವೆಲ್ಲ ಫೋನಿನಲ್ಲೇ ನಮ್ಮ ತಂದೆ. ಪರದೇಶದಲ್ಲಿ ದುಡಿಯುವವರಿರುವ ನಮ್ಮ ಬ್ಯಾರಿ ಮನೆಗಳಲ್ಲಿ ಒಂದು ಕಟ್ಟಳೆ ಉಂಟು. ಅಲ್ಲಿರುವವರಿಗೆ ಕೆಟ್ಟ ಸುದ್ದಿ ಹೇಳಬಾರದು. ಒಬ್ಬರೇ ಇರುತ್ತಾರೆ, ಕೇಳಿ ಏನು ಮಾಡಿಯಾರು, ಹಾರಿ ಬರಲಿಕ್ಕೆ ಆಗುತ್ತದಾ? ಅವರೂ ಅಲ್ಲಿನ ಕಷ್ಟ ಇಲ್ಲಿಗೆ ಹೇಳಬಾರದು. ಪ್ರೀತಿಯಿಂದಲೇ ಹುಟ್ಟಿದ ಕಟ್ಟಳೆ ಇದು, ಅದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಉಮ್ಮನಿಗೆ ಉಪ್ಪನ ಸ್ವರ ಕೇಳಿದ ಕೂಡಲೇ ಅಳು ಬರುತ್ತಿತ್ತು. ಅತ್ತರೆ ಗುಟ್ಟು ಹೊರಗೆ ಬೀಳುತ್ತದೆ. ಅದಕ್ಕಾಗಿ ಮೊದಲು ಫೋನು ಹಿಡಿಯುವ ಕೆಲಸ ಹಿರಿಯ ಮಗಳಾದ ನನಗೆ ಬಂತು. ಆಗ ನಾನು ಮೂರನೇ ಕ್ಲಾಸು. ಶುಕ್ರವಾರ ಫೋನು ಬರುವ ಮೊದಲು ಉಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಪಾಠ ಹೇಳಿಕೊಡುತ್ತಿದ್ದಳು. ಇದನ್ನು ಹೇಳು, ಅದನ್ನು ಹೇಳಬೇಡ. ಸ್ವರ ನಡುಗಿಸಬೇಡ. ಉಪ್ಪ "ಸೌಖ್ಯವಾ ಮಗಳೇ?" ಎಂದು ಕೇಳುತ್ತಿದ್ದರು. "ಇಲ್ಲಿ ಎಲ್ಲರೂ ಸೌಖ್ಯ" ಎಂದು ನಾನು ಹೇಳುತ್ತಿದ್ದೆ. ನನ್ನ ಸ್ವರ ನಡುಗುತ್ತಿರಲಿಲ್ಲ. ಎಷ್ಟು ಜಾಣೆ ಎಂದು ನೆಂಟರೆಲ್ಲ ನನ್ನನ್ನು ಮೆಚ್ಚುತ್ತಿದ್ದರು.

ನೇತ್ರಾವತಿಯ ನೀರು ಅಂಗಳಕ್ಕೆ ಬಂದು ನಾವು ಪಾತ್ರೆಪಗಡಿ ಅಟ್ಟಕ್ಕೆ ಏರಿಸಿ ಕೂತಿದ್ದಾಗ, ಎಲ್ಲರೂ ಸೌಖ್ಯ. ಉಮ್ಮನ ಗರ್ಭಕೋಶ ತೆಗೆದ ವಾರ ನಾನು ಏಳನೇ ಕ್ಲಾಸು. ಮನೆಯಲ್ಲಿ ಅನ್ನ ಬೇಯಿಸಿ, ತಮ್ಮ ಇರ್ಷಾದನಿಗೆ ತಲೆ ಬಾಚಿ, "ಉಮ್ಮ ಮದುವೆಗೆ ಹೋಗಿದ್ದಾಳೆ" ಎಂದೆ. ಉಪ್ಪನ ತಾಯಿ ಹಾಸಿಗೆ ಹಿಡಿದಾಗಲೂ ಸೌಖ್ಯ ಎಂದೇ ಹೇಳಿದೆ. ಅವರು ತೀರಿಕೊಂಡ ಸುದ್ದಿ ಹೇಳುವ ಕೆಲಸ ಮಾತ್ರ ದೊಡ್ಡವರು ಮಾಡಿದರು. ಅದರ ನಂತರ ಉಪ್ಪ ನನ್ನನ್ನು ಕೇಳಿದ್ದು ಒಂದೇ ಮಾತು. "ನೀನು ಸೌಖ್ಯ ಅಂದಿದ್ದಿ ಅಲ್ಲ ಮಗಳೇ?"

ಒಮ್ಮೆ ಪೇಟೆಯಲ್ಲಿ ಗಲಾಟೆಯಾಗಿ ಅಂಗಡಿಗಳೆಲ್ಲ ಬಾಗಿಲು ಹಾಕಿದವು. ಇರ್ಷಾದ್ ಟ್ಯೂಶನ್ನಿನಿಂದ ಬಂದಿರಲಿಲ್ಲ. ಉಪ್ಪ ಅಲ್ಲಿ ಯಾರಿಂದಲೋ ಕೇಳಿ ಫೋನು ಮಾಡಿದರು. "ತಮ್ಮ ಎಲ್ಲಿ?" "ಮಲಗಿದ್ದಾನೆ" ಎಂದೆ. ಫೋನಿಟ್ಟು ಗೇಟಿನ ಸರಳು ಹಿಡಿದು ನಿಂತೆ. ಅವನು ಹಿತ್ತಲ ದಾರಿಯಿಂದ ಬಂದು ಹಿಂದಿನಿಂದ ಕರೆದಾಗ ಕೈ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಆ ಕಡೆಯಿಂದಲೂ ಗುಟ್ಟು ಬರುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಉಪ್ಪ ಕೆಲಸ ಮಾಡುತ್ತಿದ್ದ ಅಂಗಡಿ ಮುಚ್ಚಿತು. ಕೆಲವು ತಿಂಗಳು ಅವರು ಯಾರದೋ ಕೋಣೆಯ ಮೂಲೆಯಲ್ಲಿ ಮಲಗಿದರು. ಅದನ್ನು ನನಗೊಬ್ಬಳಿಗೇ ಹೇಳಿದರು. "ಉಮ್ಮನಿಗೆ ಹೇಳಬೇಡ, ಅವಳು ತಡ್ಕೊಳ್ಳುವುದಿಲ್ಲ. ನೀನು ಗಟ್ಟಿ." ಉಮ್ಮನದನ್ನು ಉಪ್ಪನಿಂದ ಮುಚ್ಚಿಟ್ಟೆ, ಉಪ್ಪನದನ್ನು ಉಮ್ಮನಿಂದ ಮುಚ್ಚಿಟ್ಟೆ. ಪರೀಕ್ಷೆಯನ್ನೂ ಬರೆದೆ, ಪಾಸಾದೆ.

ಡಾಕ್ಟರಮ್ಮ ಗುಳಿಗೆ ಕೊಟ್ಟರು. "ಈ ವಯಸ್ಸಿಗೆ ಇಷ್ಟು, ಅದೂ ಮನೆಯಲ್ಲಿ ಯಾರಿಗೂ ಇಲ್ಲ ಅಂದ್ರೆ ಬೇರೆ ಕಾರಣ ಏನಾದ್ರೂ ಉಂಟಾ ನೋಡ್ಬೇಕು" ಎಂದು ಮಂಗಳೂರಿನ ಕಿಡ್ನಿ ತಜ್ಞರಿಗೆ ಚೀಟಿ ಬರೆದರು. ಕಿಡ್ನಿ ಎಂಬ ಶಬ್ದ ಕೇಳಿ ಉಮ್ಮ ನನ್ನ ಮಣಿಕಟ್ಟು ಹಿಡಿದಳು. ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೂ ಬಿಡಲಿಲ್ಲ.

ಆಮೇಲಿನ ತಿಂಗಳುಗಳನ್ನು ನೆನಪಿಸಿಕೊಂಡರೆ ಈಗಲೂ ಆಯಾಸವಾಗುತ್ತದೆ. ಆ ಪರೀಕ್ಷೆ, ಈ ಪರೀಕ್ಷೆ. ಹೊಟ್ಟೆಯ ಸ್ಕ್ಯಾನಿಂಗು, ರಕ್ತ, ಮತ್ತೆ ರಕ್ತ. ರಜೆ ಹಾಕಿದಾಗಲೆಲ್ಲ ಕಚೇರಿಯಲ್ಲಿ ಹೊಸ ಹೊಸ ನೆಪ. ಒಂದು ದಿನವಿಡೀ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದಿಡಬೇಕಾಯಿತು. ಆ ಹೊತ್ತಿಗೇ ನೆರೆಮನೆಯ ಹೆಂಗಸು ಬಂದರು. ಬಚ್ಚಲಿನ ಮೂಲೆಯ ಕ್ಯಾನು ಅವರ ಕಣ್ಣಿಗೆ ಬಿದ್ದು, ಅದೇನು ಎಂದು ಕೇಳಿದರು. "ಮಲ್ಲಿಗೆ ಗಿಡಕ್ಕೆ ಬಿಡುವ ಮದ್ದು" ಎಂದಳು ಉಮ್ಮ, ರೆಪ್ಪೆ ಕೂಡ ಅಲುಗಿಸದೆ. "ಹೌದಾ, ನಮಗೂ ಸ್ವಲ್ಪ ಕೊಡಿ" ಎಂದರು ಅವರು. ಅವರು ಹೋದ ಮೇಲೆ ನಾನು ನಕ್ಕು ನಕ್ಕು ಗೋಡೆಗೆ ಒರಗಿದೆ, ಉಮ್ಮನೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಆ ತಿಂಗಳುಗಳಲ್ಲಿ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಮದುವೆಯ ಮಾತು ಬರುತ್ತಿದ್ದ ಕಾಲ, ಆದ್ದರಿಂದ ಊರಿಗೆ ಗೊತ್ತಾಗಬಾರದು. ಇರ್ಷಾದನಿಗೆ ಪರೀಕ್ಷೆ, ಅವನಿಗೆ ಗೊತ್ತಾಗಬಾರದು. ಸಾರಿಗೆ ಉಪ್ಪು ಕಡಿಮೆಯಾದದ್ದಕ್ಕೆ ಅವನು ಗೊಣಗಿದರೆ ಉಮ್ಮ "ನನ್ನ ಕೈಗೆ ಈಗ ಉಪ್ಪಿನ ಅಂದಾಜು ಸಿಗುವುದಿಲ್ಲ" ಎನ್ನುತ್ತಿದ್ದಳು. ಉಪ್ಪನಿಗಂತೂ ಗೊತ್ತಾಗಲೇಬಾರದು. ಶುಕ್ರವಾರ ವಿಡಿಯೋ ಕಾಲಿನಲ್ಲಿ ನಾನು ಬೆಳಕಿಗೆ ಬೆನ್ನು ಹಾಕಿ ಕೂತು ಎಲ್ಲರೂ ಸೌಖ್ಯ ಎನ್ನುತ್ತಿದ್ದೆ. ಅವರೂ ಎಂದಿನ ಹಾಗೆ ಅದೇ ಕುರ್ಚಿ, ಅದೇ ಗೋಡೆ, ಅದೇ ನಗು.

ಕೊನೆಗೆ ಮಂಗಳೂರಿನ ತಜ್ಞರು ಎಲ್ಲ ರಿಪೋರ್ಟು ಹರಡಿಕೊಂಡು ಕೂತರು. "ಸ್ಪಷ್ಟವಾಗಿ ಏನೂ ಕಾಣ್ತಾ ಇಲ್ಲ. ಕುಟುಂಬದಲ್ಲಿ ಯಾರಿಗೂ ಇಲ್ಲ ಅಂತೀರಿ. ಹಾಗಾದ್ರೆ ಕಿಡ್ನಿಯ ರಕ್ತನಾಳವನ್ನೇ ಒಮ್ಮೆ ನೋಡುವುದು ಒಳ್ಳೆದು. ತೊಡೆಯ ಹತ್ತಿರದಿಂದ ಸಣ್ಣ ನಳಿಗೆ ಹಾಕಿ ನೋಡ್ತೇವೆ. ಒಂದು ದಿನ ಅಡ್ಮಿಟ್ ಆಗ್ಬೇಕು." ಉಮ್ಮ ಕುರ್ಚಿಯಲ್ಲಿ ಅತ್ತಿತ್ತ ಮಿಸುಕಿದಳು. ನನ್ನ ಕಡೆ ನೋಡಿ, "ನೀನು ಸ್ವಲ್ಪ ಹೊರಗೆ ಕೂತ್ಕೊಳ್ತೀಯಾ?" ಎಂದಳು. ನನ್ನಿಂದ ಏನನ್ನೋ ಮುಚ್ಚಿಡಲು ಡಾಕ್ಟರರ ಹತ್ತಿರ ಹೇಳಿಕೊಳ್ಳುತ್ತಾಳೆ ಎಂದು ನನಗೆ ಭಯವಾಯಿತು. ನಾನು ಏಳಲಿಲ್ಲ. ಉಮ್ಮ ರಿಪೋರ್ಟುಗಳನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಮನೆಗೆ ಬಂದು ಅವಳು ಹೇಳಿದ್ದು ಇಷ್ಟೇ. "ಆ ದಿನ ಉಪ್ಪ ಫೋನು ಮಾಡಿದ್ರೆ ನೀನು ಕಾಲೇಜಿನ ಟೂರಿಗೆ ಹೋಗಿದ್ದೀ ಅಂತೇನೆ."

ಮರುದಿನ ಇದನ್ನೆಲ್ಲ ಹರಿಣಾಕ್ಷಿಗೆ ಹೇಳಿದೆ. ಅವಳು ತನ್ನ ಡಬ್ಬಿಯಿಂದ ಉಪ್ಪಿಲ್ಲದ ಹೆಸರುಕಾಳಿನ ಪಲ್ಯ ನನ್ನ ತಟ್ಟೆಗೆ ಹಾಕುತ್ತಿದ್ದಳು. ನನಗಾಗಿ ತಾನೂ ಸಪ್ಪೆ ತಿನ್ನಲು ಶುರುಮಾಡಿ ಆಗಲೇ ತುಂಬ ದಿನವಾಗಿತ್ತು.

"ನಿನ್ನ ಅಪ್ಪನಿಗೆ ಬಿಪಿ ಇಲ್ಲ ಅಂತ ಹೇಳಿದ್ದು ಯಾರು?"

"ಉಮ್ಮ."

"ಅಪ್ಪನನ್ನೇ ಕೇಳಿದ್ದೀಯಾ?"

"ಕೇಳಿದ್ರೆ ಯಾಕೆ ಕೇಳಿದ್ದು ಅಂತ ಹೇಳ್ಬೇಕಾಗ್ತದೆ."

ಹರಿಣಾಕ್ಷಿ ಚಮಚ ಕೆಳಗಿಟ್ಟಳು. "ಹೇಳು ಮತ್ತೆ. ತೊಡೆಗೆ ತೂತು ಮಾಡಿಸ್ಕೊಳ್ಳುವುದಕ್ಕಿಂತ ಬಾಯಿ ಬಿಡುವುದು ನಿನಗೆ ಕಷ್ಟವಾ?"

ಹೌದು, ಕಷ್ಟವೇ. ನಳಿಗೆಗಿಂತಲೂ ನನಗೆ ಅದೇ ಕಷ್ಟವಾಗಿತ್ತು.

ಆ ಶುಕ್ರವಾರ ಸಂಜೆ ನಾನೇ ಮೊದಲು ಫೋನು ಮಾಡಿದೆ. ಉಮ್ಮ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ಉಪ್ಪ ಜುಮಾ ನಮಾಜು ಮುಗಿಸಿ ಊಟ ಮಾಡಿ ಕೂತಿದ್ದರು. ಅದೇ ಕುರ್ಚಿ, ಅದೇ ಗೋಡೆ.

"ಸೌಖ್ಯವಾ ಮಗಳೇ?"

"ಇಲ್ಲಿ ಎಲ್ಲರೂ ಸೌಖ್ಯ" ಎಂದು ನಾಲಗೆ ತಾನಾಗಿ ಹೇಳಿಬಿಟ್ಟಿತು. ಬೆಳಕಿನ ಕಡೆ ತಿರುಗಿ ಕೂತು, "ನಾನು ಮಾತ್ರ ಸೌಖ್ಯ ಇಲ್ಲ ಉಪ್ಪ" ಎಂದೆ.

ಅವರ ಮುಖದ ನಗು ಹಾಗೆಯೇ ನಿಂತಿತು. ನಾನು ಎಲ್ಲ ಹೇಳಿದೆ. ಶಿಬಿರ, ಗುಳಿಗೆ, ಸ್ಕ್ಯಾನಿಂಗು, ತೊಡೆಯ ನಳಿಗೆ. ಸ್ವರ ನಡುಗಿತು, ಇರಲಿ ಎಂದು ಬಿಟ್ಟೆ. ಅವರು ಅಳುತ್ತಾರೆ, ಇಲ್ಲ ಬೈಯುತ್ತಾರೆ, ಇಲ್ಲ ಈಗಲೇ ಟಿಕೆಟ್ ಮಾಡುತ್ತೇನೆ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಬೇರೆ.

"ಗುಳಿಗೆ ಬೆಳಿಗ್ಗೆ ತೆಗೆದುಕೊಳ್ಳುವುದಾ, ರಾತ್ರಿಯಾ?"

"ಬೆಳಿಗ್ಗೆ."

"ಸಾಯಂಕಾಲ ಆಗುವಾಗ ಕಾಲು ಊದಿಕೊಳ್ತದಾ?"

"ಹೌದು. ನಿಮಗೆ ಹೇಗೆ ಗೊತ್ತು?"

ಉಪ್ಪ ಫೋನನ್ನು ನಿಧಾನವಾಗಿ ಕೆಳಕ್ಕೆ ತಿರುಗಿಸಿದರು. ಇಷ್ಟು ವರ್ಷಗಳಲ್ಲಿ ನಾನು ಆ ಫೋನಿನಲ್ಲಿ ಅವರ ಮುಖ ಮತ್ತು ಹಿಂದಿನ ಗೋಡೆ ಬಿಟ್ಟು ಬೇರೇನೂ ಕಂಡಿರಲಿಲ್ಲ. ಈಗ ಅವರ ಪಾದ ಕಂಡಿತು. ಊದಿತ್ತು. ಕಾಲುಚೀಲದ ಗುರುತು ಚರ್ಮದಲ್ಲಿ ಆಳವಾಗಿ ಕೂತಿತ್ತು. ಪಕ್ಕದಲ್ಲಿ ಎರಡು ಹಾಸಿಗೆಗಳ ನಡುವಿನ ಇಕ್ಕಟ್ಟು ಜಾಗ, ಒಂದು ಬಕೆಟು, ಹಗ್ಗದಲ್ಲಿ ನೇತಾಡುವ ಬಟ್ಟೆ. ಅವರ ಕೋಣೆ ಅಷ್ಟು ಚಿಕ್ಕದು ಎಂದು ನನಗೆ ಗೊತ್ತೇ ಇರಲಿಲ್ಲ.

"ನನಗೆ ಮೂವತ್ತು ದಾಟುವಾಗಲೇ ಬಂತು" ಎಂದರು, ಮುಖ ತೋರಿಸದೆ. "ಇಲ್ಲಿ ಮೆಡಿಕಲ್ ಟೆಸ್ಟ್ ಮಾಡುವಾಗ ಗೊತ್ತಾದದ್ದು. ನಿಮಗೆ ಯಾಕೆ ಸುಮ್ಮನೆ ತಲೆಬಿಸಿ ಅಂತ ಹೇಳಲಿಲ್ಲ."

ನಾನು ಅವರ ಪಾದವನ್ನೇ ನೋಡುತ್ತ ಕೂತೆ. ಅಳು ಬಂತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ನನ್ನದು ಎಲ್ಲಿಂದಲೋ ಬಂದ ಮಾರಿಯಲ್ಲ, ನನ್ನ ಉಪ್ಪನದೇ ಎಂದು ಗೊತ್ತಾದದ್ದಕ್ಕೆ ಅಂಥ ಸಮಾಧಾನ.

ಆಗ ಅವರು ಫೋನು ಮೇಲೆತ್ತಿ ಹೇಳಿದರು. "ಡಾಕ್ಟ್ರಿಗೆ ಹೇಳು. ಆದ್ರೆ ಉಮ್ಮನಿಗೆ ಮಾತ್ರ ಹೇಳ್ಬೇಡ."

ಆ ಮಾತು ಕೇಳಿದ ಕೂಡಲೇ ನನ್ನ ಹಿಂದಲೆ ಬಿಗಿಯಿತು. ಮೂರನೇ ಕ್ಲಾಸಿನಿಂದ ಅದು ಹೀಗೆಯೇ ಬಿಗಿಯುತ್ತಿತ್ತು, ನಾನು ಬಾಮ್ ಹಚ್ಚುತ್ತಿದ್ದೆ. ನಾನು ಗಟ್ಟಿ ಎಂದು ಇವರಿಬ್ಬರೂ ನಂಬಿದ್ದರು, ನಾನೂ ನಂಬಿದ್ದೆ.

"ನಾನು ಹೇಳುವುದಿಲ್ಲ ಉಪ್ಪ" ಎಂದೆ. "ನೀವೇ ಹೇಳಿ. ನನಗೆ ಸಾಕಾಗಿದೆ."

ಅವರು ಮಗಳೇ, ಮಗಳೇ ಎನ್ನುತ್ತಿರುವಾಗಲೇ ಅಡುಗೆಮನೆಗೆ ಹೋಗಿ ಫೋನನ್ನು ಉಮ್ಮನ ಕೈಗೆ ಕೊಟ್ಟೆ. ಒಲೆಯ ಗ್ಯಾಸು ಆರಿಸಿ ಹೊರಗೆ ಬಂದು ಮೆಟ್ಟಿಲಲ್ಲಿ ಕೂತೆ. ಒಳಗಿನಿಂದ ಉಮ್ಮನ ಅಳು ಕೇಳುತ್ತದೆ ಎಂದು ಕಾದೆ. ಕೇಳಲಿಲ್ಲ. ತುಂಬ ಹೊತ್ತಿನ ನಂತರ ಅವಳು ಎರಡು ಲೋಟ ಚಹಾ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ನನಗೆ ಗೊತ್ತಿತ್ತು" ಎಂದಳು.

"ಎಂಥದು?"

"ಉಪ್ಪನ ಬಿಪಿ. ನೀನು ಹೈಸ್ಕೂಲಿನಲ್ಲಿದ್ದಾಗ ರಜೆಗೆ ಬಂದಿದ್ರಲ್ಲ, ಪೆಟ್ಟಿಗೆಯಲ್ಲಿ ಗುಳಿಗೆ ಸಿಕ್ಕಿತು. ಮೆಡಿಕಲ್ಲಿಗೆ ತಕ್ಕೊಂಡು ಹೋಗಿ ಕೇಳಿದೆ. ಅವರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

"ಮತ್ತೆ ಡಾಕ್ಟ್ರು ಕೇಳಿದಾಗ ಇಲ್ಲ ಅಂದದ್ದು ಯಾಕೆ?"

ಉಮ್ಮ ನನ್ನನ್ನು ಆಶ್ಚರ್ಯದಿಂದ ನೋಡಿದಳು. "ನೀನು ಪಕ್ಕದಲ್ಲೇ ಕೂತಿದ್ದೀ ಅಲ್ವಾ? ಉಪ್ಪನಿಗೆ ಕಾಯಿಲೆ ಅಂತ ನಿನ್ನ ಎದುರು ಹೇಗೆ ಹೇಳುವುದು? ಮಂಗಳೂರಿನಲ್ಲಿ ಹೇಳುವ ಅಂತ ನಿನ್ನನ್ನು ಹೊರಗೆ ಕೂರಲಿಕ್ಕೆ ಹೇಳಿದೆ. ನೀನು ಏಳಲೇ ಇಲ್ಲ."

ಸಿಟ್ಟು ಬಂತು. ಇಷ್ಟು ತಿಂಗಳು ಸೂಜಿ ಚುಚ್ಚಿಸಿಕೊಂಡು, ಮೂತ್ರದ ಕ್ಯಾನು ಹೊತ್ತುಕೊಂಡು, ಕಿಡ್ನಿ ಹೋಯಿತು ಎಂದು ಬಸ್ಸಿನ ಕಿಟಕಿಗೆ ತಲೆ ಇಟ್ಟು ಅತ್ತು ತಿರುಗಿದವಳು ನಾನು. ಉತ್ತರ ಪಕ್ಕದ ಸೀಟಿನಲ್ಲೇ ಕೂತಿತ್ತು. "ನನ್ನ ತೊಡೆಗೆ ನಳಿಗೆ ಹಾಕಲಿಕ್ಕೆ ದಿನ ಕೊಟ್ಟಾಗಿತ್ತು ಉಮ್ಮ" ಎಂದೆ. ಸ್ವರ ಎತ್ತಲು ಕೂಡ ಶಕ್ತಿ ಇರಲಿಲ್ಲ. ಉಮ್ಮ ಚಹಾ ಕುಡಿಯದೆ ಲೋಟ ಹಿಡಿದುಕೊಂಡೇ ಕೂತಳು. "ನಿನಗೆ ಹೆದರಿಕೆ ಆಗ್ಬಾರ್ದು ಅಂತಲೇ ಮಗಳೇ" ಎಂದಳು. ಅದು ನಿಜವೆಂದು ನನಗೆ ಗೊತ್ತು. ಆದ್ದರಿಂದಲೇ ಆ ಸಿಟ್ಟನ್ನು ಎಲ್ಲಿ ಇಡುವುದೆಂದು ಗೊತ್ತಾಗಲಿಲ್ಲ. ಕೆಲವು ದಿನ ನಾವಿಬ್ಬರೂ ಬೇಕಾದಷ್ಟೇ ಮಾತಾಡಿದೆವು.

ಮಂಗಳೂರಿನ ತಜ್ಞರು ಉಪ್ಪನ ವಿಷಯ ಕೇಳಿ ತಲೆ ಹಿಂದಕ್ಕೆ ಒರಗಿಸಿದರು. ಬೈಯಲಿಲ್ಲ. "ನಳಿಗೆ ಈಗ ಬೇಡ. ಗುಳಿಗೆ ಕೆಲಸ ಮಾಡ್ತದಾ ನೋಡುವ" ಎಂದರು. ಗುಳಿಗೆ ಬದಲಾಯಿತು, ಪ್ರಮಾಣ ಬದಲಾಯಿತು, ನಿಧಾನವಾಗಿ ಕೆಲಸ ಮಾಡಿತು.

ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ದಣಿವೂ ಹೋಗಿಲ್ಲ. ಮೂವತ್ತಕ್ಕೆ ಮೊದಲೇ ಇಷ್ಟು ದಣಿದದ್ದಕ್ಕೆ ಕೆಲವು ದಿನ ಯಾರ ಮೇಲೆಂದಿಲ್ಲದೆ ಕೋಪ ಬರುತ್ತದೆ. ಮದುವೆಯ ಒಂದು ಮಾತು ಮುರಿದದ್ದೂ ಇದರಿಂದಲೇ. ನಾನೇ ಮೊದಲು ಹೇಳಿಬಿಟ್ಟೆ. ಸಪ್ಪೆ ಊಟದ ಕಾರಣ ಕೇಳಿ ಇರ್ಷಾದ್ ಅದೇ ದಿನ ಬಿಪಿ ನೋಡುವ ಯಂತ್ರ ಕೊಂಡು ತಂದ. ಶುಕ್ರವಾರ ಉಪ್ಪ ಈಗ "ಸೌಖ್ಯವಾ?" ಎಂದು ಕೇಳುವುದಿಲ್ಲ, "ಎಷ್ಟುಂಟು?" ಎನ್ನುತ್ತಾರೆ. ನಾನು ನನ್ನದು ಹೇಳುತ್ತೇನೆ, ಅವರು ಅವರದು ಹೇಳುತ್ತಾರೆ. ಕೆಲವೊಮ್ಮೆ ಕಡಿಮೆ ಮಾಡಿ ಹೇಳುತ್ತಾರೆ ಎಂಬ ಸಂಶಯ ನನಗುಂಟು. ಆಗ "ಕಾಲು ತೋರಿಸಿ" ಎನ್ನುತ್ತೇನೆ. ಗೊಣಗುತ್ತ ತೋರಿಸುತ್ತಾರೆ.

ಆದರೆ ಇದನ್ನೆಲ್ಲ ಬರೆಯಬೇಕು ಎನ್ನಿಸಿದ್ದು ಬೇರೆ ಒಂದು ದಿನದಿಂದ. ನಳಿಗೆ ಬೇಡವೆಂದು ತೀರ್ಮಾನವಾದ ಮೇಲೆ ಮೂಡುಬಿದಿರೆಯ ಡಾಕ್ಟರಮ್ಮನಲ್ಲಿಗೆ ಹೋಗಿದ್ದೆವು. ಉಪ್ಪನ ವಿಷಯ ಉಮ್ಮನೇ ಹೇಳಿದಳು. ಡಾಕ್ಟರಮ್ಮ ಅದನ್ನು ಬರೆದುಕೊಂಡು, ಹಿಂದೆ ಕೇಳಿದ್ದನ್ನೇ ಮತ್ತೆ ಕೇಳಿದರು.

"ತಲೆಬಿಸಿ ಉಂಟಾ?"

ಈ ಸಲ ನಾನು ಫೋನಿನ ಕಥೆ ಮೊದಲಿನಿಂದ ಹೇಳಿದೆ. ಮೂರನೇ ಕ್ಲಾಸು, ಅಡುಗೆಮನೆಯ ಬಾಗಿಲಿನ ಪಾಠ, ಗೇಟಿನ ಸರಳು, ಅಂಗಡಿ ಮುಚ್ಚಿದ್ದು. ಅದರಲ್ಲಿ ಅರ್ಧ ಉಮ್ಮನಿಗೂ ಹೊಸತು.

"ತಂದೆಯಿಂದ ಬಂದಿರ್ಬಹುದು" ಎಂದರು ಡಾಕ್ಟರಮ್ಮ. "ಇಷ್ಟು ಬೇಗ ಯಾಕೆ ಬಂತು ಅಂದ್ರೆ ಇದೇ ಕಾರಣ ಅಂತ ಬೆರಳು ತೋರಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಆದ್ರೆ ಚಿಕ್ಕಂದಿನಿಂದ ಹೆದರಿಕೊಂಡೇ ಬೆಳೆದವರನ್ನು ನಾನು ಈ ಕುರ್ಚಿಯಲ್ಲಿ ತುಂಬ ಕಂಡಿದ್ದೇನೆ. ಎಲ್ಲರೂ ಮೊದಲು ತಲೆಬಿಸಿ ಇಲ್ಲ ಅಂತಲೇ ಹೇಳುವುದು."

ನರ್ಸ್ ನನ್ನ ತೋಳಿಗೆ ಪಟ್ಟಿ ಸುತ್ತಿ ನೋಡಿ ಬಿಚ್ಚಿದರು. ಪರವಾಗಿಲ್ಲ, ಇಳಿದಿದೆ ಎಂದರು. ನಾನು ಚೀಲ ತೆಗೆದುಕೊಂಡು ಎದ್ದೆ. ಉಮ್ಮ ಏಳಲಿಲ್ಲ. ಬುರ್ಖಾದ ತೋಳನ್ನು ತಾನೇ ಮೊಣಕೈಯ ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಇಟ್ಟಳು.

"ನನ್ನದೂ ಒಮ್ಮೆ ನೋಡಿ ಡಾಕ್ಟ್ರೇ. ತುಂಬ ಸಮಯದಿಂದ ತಲೆ ತಿರುಗ್ತದೆ, ಯಾರಿಗೂ ಹೇಳ್ಲಿಲ್ಲ."

ಡಾಕ್ಟರಮ್ಮ ನನ್ನ ಕಡೆ ನೋಡಿದರು, ನಾನು ಹೊರಗೆ ಹೋಗಬೇಕೋ ಎಂದು ಕೇಳುವ ಹಾಗೆ. ನಾನು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದೆ.

"ಬೇಡ, ಇವಳು ಇಲ್ಲೇ ಇರಲಿ" ಎಂದಳು ಉಮ್ಮ. "ಎಷ್ಟಿದ್ರೂ ಇವಳ ಎದುರೇ ಹೇಳಿ."

ನಾನು ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲಿ ಕೂತೆ. ನರ್ಸ್ ಗಾಳಿ ತುಂಬಿಸಲು ಶುರುಮಾಡಿದರು.